ಅನ್ನದಂಟು ಮತ್ತು ಮೂರು ಮಿಲಿಮೀಟರ್ ತುಕ್ಕು: ಹಳೆಯ ವಾಕಿಜಾಶಿಯ ಒರೆ ರಿಪೇರಿ

ಜಪಾನಿನ ನಗೋಯಾಕ್ಕೆ ಕೆಲಸಕ್ಕೆ ಬಂದು ಏಳು ವರ್ಷ. ಹಳೆಯ ಕತ್ತಿಯೊಂದು ಸ್ವಂತದ್ದಾಗಿ ಇರಬೇಕು ಅನ್ನುವ ಆಸೆ ಮೊದಲ ವರ್ಷದಿಂದಲೇ ಇತ್ತು. ಕೊನೆಗೂ ಕೊಂಡೆ, ಒಂದು ರಿಪೇರಿ ಮಾಡಿದೆ, ಆ ರಿಪೇರಿಯಲ್ಲೇ ಅಲಗಿಗೆ ಪೆಟ್ಟು ಕೊಟ್ಟೆ. ಹೊಸದಾಗಿ ಕೊಳ್ಳುವವರು ಅದೇ ತಪ್ಪು ಮಾಡದಿರಲಿ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ತಾರೀಖಿನ ಪ್ರಕಾರ ಹಾಕುತ್ತಿದ್ದೇನೆ.

ಫೆಬ್ರವರಿ 17, 2024. ಕೊಂಡಿದ್ದು

ನಗೋಯಾದ ಒಂದು ಕತ್ತಿಯಂಗಡಿಯಲ್ಲಿ ವಾಕಿಜಾಶಿ ಕೊಂಡೆ. 1,20,000 ಯೆನ್, ಆ ದಿನದ ದರಕ್ಕೆ ಸುಮಾರು 66 ಸಾವಿರ ರೂಪಾಯಿ. ವಾಕಿಜಾಶಿ ಅಂದರೆ ಒಂದರಿಂದ ಎರಡು ಶಾಕು ಉದ್ದದ ಗಿಡ್ಡ ಕತ್ತಿ. ಒಂದು ಶಾಕು 30.3 ಸೆಂ.ಮೀ. ನನ್ನದು 44.8 ಸೆಂ.ಮೀ., ಬಾಗು 1.1 ಸೆಂ.ಮೀ., ಹಿಡಿಯ ಕಡೆ ಒಂದೇ ತೂತು, ಕಮ್ಮಾರನ ಹೆಸರಿಲ್ಲ. ಇವಿಷ್ಟೂ ಕತ್ತಿಯ ಜೊತೆ ಬರುವ ತೋರೋಕುಶೋ ಎಂಬ ನೋಂದಣಿ ಚೀಟಿಯಲ್ಲಿ ಬರೆದಿವೆ. ಆ ಚೀಟಿ ಇಲ್ಲದ ಕತ್ತಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು. ಅಂಗಡಿಯಲ್ಲೇ ಟೇಪು ಹಿಡಿದು ಅಳತೆ ತಾಳೆ ನೋಡಿದೆ. ಕೊಂಡ 20 ದಿನದೊಳಗೆ, ಚೀಟಿ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ಮಾಲೀಕರು ಬದಲಾದ ವಿಷಯ ತಿಳಿಸಬೇಕು. ಮೂರನೇ ದಿನವೇ ಅಂಚೆಗೆ ಹಾಕಿದೆ. ವಿದೇಶಿಯರಿಗೂ ಇದೇ ನಿಯಮ, ಬೇರೆ ತೊಡಕಿಲ್ಲ.

ಕತ್ತಿ ಬಂದಿದ್ದು ಶಿರಾಸಾಯಾದಲ್ಲಿ. ಬಣ್ಣ, ಅರಗು ಏನೂ ಇಲ್ಲದ ಬರಿಯ ಹೊನೊಕಿ ಮರದ ಒರೆ ಮತ್ತು ಹಿಡಿ. ಅಲಗನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮಾಡುವ ಒರೆ ಇದು. ಎರಡು ಸೀಳನ್ನು ಒಳಗಿನಿಂದ ತೋಡಿ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ನಾನು ಅಲಗನ್ನು ಮಾತ್ರ ನೋಡಿದೆ. ಒರೆಯ ಬಾಯಿಯ ಹತ್ತಿರ, ಹರಿತದ ಕಡೆ ಜೋಡಣೆ 6 ಸೆಂ.ಮೀ. ಉದ್ದಕ್ಕೆ ಬಿಟ್ಟುಕೊಂಡಿದ್ದು ಮನೆಗೆ ಬಂದ ಮೇಲೆ ಕಂಡಿತು. ಒಂದು ಕಾಗದದ ಹಾಳೆ ಸಲೀಸಾಗಿ ಒಳಗೆ ಹೋಗುತ್ತಿತ್ತು. ಇದು ನನ್ನ ಮೊದಲ ತಪ್ಪು.

ಫೆಬ್ರವರಿ 18. ಸಾಮಾನು, ಮೊದಲ ಒರಸು

ಆರೈಕೆಯ ಪೆಟ್ಟಿಗೆ 4,400 ಯೆನ್. ಅದರಲ್ಲಿ ಹಿತ್ತಾಳೆಯ ಪುಟ್ಟ ಸುತ್ತಿಗೆ, ತುಕ್ಕು ಹಿಡಿಯದಿರಲು ಅಲಗಿಗೆ ಹಚ್ಚುವ ಚೋಜಿ ಎಣ್ಣೆ, ಒರಸುವ ಕಾಗದ, ಮತ್ತು ಉಚಿಕೊ ಅಂತ ಕೋಲಿನ ತುದಿಗೆ ಕಟ್ಟಿದ ಪುಡಿಯ ಉಂಡೆ. ಔಷಧದ ಅಂಗಡಿಯಿಂದ ನೀರಿಲ್ಲದ ಎಥನಾಲ್, 1,480 ಯೆನ್. ತೇವ ತೋರಿಸುವ ಮೀಟರು 1,650 ಯೆನ್. ಚಳಿಗಾಲವಾದ್ದರಿಂದ ಕೋಣೆಯಲ್ಲಿ ತೇವ 36 ಪ್ರತಿಶತ. ಒರೆ ಬಿಟ್ಟುಕೊಳ್ಳುವುದಕ್ಕೆ ಈ ಒಣಹವೆಯೂ ಕಾರಣ.

ಒರೆಯಿಂದ ತೆಗೆಯುವಾಗ ಹರಿತ ಮೇಲಕ್ಕಿರಬೇಕು, ಅಲಗಿನ ಬೆನ್ನು ಮಾತ್ರ ಮರಕ್ಕೆ ತಾಗಿ ಜಾರಬೇಕು. ಎಡಗೈ ಬೆರಳುಗಳು ಒರೆಯ ಹರಿತದ ಕಡೆಯನ್ನು ಸುತ್ತಿಕೊಂಡಿರಬಾರದು. ಜೋಡಣೆ ಬಿಟ್ಟ ಒರೆಯಲ್ಲಿ ಅಲಗು ನೇರ ಬೆರಳಿಗೇ ಬರುತ್ತದೆ. ನನ್ನಂಥ ಒರೆ ಇರುವವರು ಇದೊಂದನ್ನು ಮರೆಯಲೇಬಾರದು.

ಹಳೆಯ ಎಣ್ಣೆಯನ್ನು ಎಥನಾಲ್ ಹಾಕಿದ ಮೆತ್ತನೆಯ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ಮೊನೆಯವರೆಗೆ ಒಂದೇ ದಿಕ್ಕಿಗೆ ಒರೆಸಿದೆ. ಕೋಣೆ ಕತ್ತಲು ಮಾಡಿ ಒಂದೇ ಒಂದು ಬಲ್ಬಿನ ಕಡೆ ಮೊನೆ ತಿರುಗಿಸಿ ನೋಡಿದೆ. ಹರಿತದುದ್ದಕ್ಕೂ ಹಾಮೊನ್, ಅಂದರೆ ಅಲಗಿಗೆ ಹದ ಕೊಟ್ಟಾಗ ಮೂಡಿದ ಗೆರೆ, ನಮ್ಮ ಸಕಲೇಶಪುರದ ಗುಡ್ಡದ ಮೇಲೆ ಬೆಳಿಗ್ಗೆ ನಿಲ್ಲುವ ಮಂಜಿನ ಅಂಚಿನ ಹಾಗೆ ಬಿಳಿಯಾಗಿ ಎದ್ದು ಬಂತು. ಅಲ್ಲಲ್ಲಿ ಚೂಪು ಮೊನೆಗಳು. ಹತ್ತು ನಿಮಿಷ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ.

ಮಾರ್ಚ್ 2. ಹಿಡಿ ಬರಲಿಲ್ಲ

ಹಿಡಿಯನ್ನೂ ಅಲಗನ್ನೂ ಜೋಡಿಸುವುದು ಮೆಕುಗಿ, ಅಂದರೆ ಒಂದು ಬಿದಿರಿನ ಗೂಟ. ಅದರ ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ಸಣ್ಣ ತುದಿಯಿಂದ ತಟ್ಟಿ ಹೊರಗೆ ತಳ್ಳಬೇಕು. ನಾನು ಸರಿಯಾಗಿ ನೋಡದೆ ದಪ್ಪ ತುದಿಯ ಮೇಲೆ ಮೂರು ಪೆಟ್ಟು ಹಾಕಿದೆ. ಗೂಟ ಇನ್ನೂ ಬಿಗಿಯಾಗಿ ಕೂತು ತಲೆ ಚಪ್ಪಟೆಯಾಯಿತು. ತಿರುಗಿಸಿ ತಟ್ಟಿ ತೆಗೆಯುವಷ್ಟರಲ್ಲಿ ಅದು ಸೀಳಿಹೋಗಿತ್ತು.

ಮುಂದೆ ಎಡಗೈಯಲ್ಲಿ ಹಿಡಿಯನ್ನು ನೆಟ್ಟಗೆ ಹಿಡಿದು, ಬಲಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಗುದ್ದಬೇಕು. ಆ ಅದುರಿಗೆ ಅಲಗು ಸಡಿಲವಾಗುತ್ತದೆ. ಅರ್ಧ ಗಂಟೆ ಗುದ್ದಿದೆ, ಮಣಿಕಟ್ಟು ಊದಿಕೊಂಡಿತು. ಆಮೇಲೆ ಹಿಡಿಯ ಮೇಲಂಚಿಗೆ ಮರದ ತುಂಡು ಇಟ್ಟು ಕೊಡತಿಯಿಂದ ತಟ್ಟಿದೆ. ಆ ವಿಧಾನ ತಪ್ಪಲ್ಲ, ಆದರೆ ಎರಡೂ ಬದಿಗೆ ಸಮನಾಗಿ ತಟ್ಟಬೇಕಿತ್ತು. ನಾನು ಒಂದೇ ಕಡೆ ತಟ್ಟಿದ್ದರಿಂದ 1 ಸೆಂ.ಮೀ. ಉದ್ದದ ಚೂರು ಎದ್ದುಬಂತು. ಅಲ್ಲಿಗೇ ನಿಲ್ಲಿಸಿ ಚೂರನ್ನು ಕಾಗದದಲ್ಲಿ ಕಟ್ಟಿಟ್ಟೆ. ಮರುವಾರ ಕತ್ತಿಯಂಗಡಿಗೆ ಒಯ್ದಾಗ ಅಲ್ಲಿನ ಹಿರಿಯರು ಎರಡು ಬದಿಗೆ ನಾಲ್ಕು ನಾಲ್ಕು ಸಣ್ಣ ಪೆಟ್ಟು ಹಾಕಿ ಮೂರು ನಿಮಿಷದಲ್ಲಿ ತೆಗೆದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಹಿಡಿಯೊಳಗೆ ಹುದುಗಿರುವ ಅಲಗಿನ ಬುಡಕ್ಕೆ ನಕಾಗೊ ಅನ್ನುತ್ತಾರೆ. ಬಣ್ಣ ವರ್ಷಾನುಗಟ್ಟಲೆ ದೋಸೆ ಹುಯ್ದ ಕಾವಲಿಯ ಹಾಗೆ ನುಣ್ಣನೆಯ ಕಪ್ಪುಕಂದು. ಬೆರಳು ತಾಗಿಸದೆ ಓರೆಯಾಗಿ ಬೆಳಕು ಬಿಟ್ಟರೆ ಅರದ ಗೆರೆಗಳು ಕಾಣುತ್ತವೆ: ನಡುವಿನಿಂದ ಎರಡು ಕಡೆಗೆ ಇಳಿಜಾರಾಗಿ, ಹಕ್ಕಿಯ ಗರಿಯ ಹಾಗೆ. ಗಿಫು ಪ್ರಾಂತ್ಯದ ಸೆಕಿ ಊರಿನ ಕಮ್ಮಾರರು ಹೀಗೆ ಅರ ಹಾಕುತ್ತಿದ್ದರು. ಹೆಸರಿಲ್ಲದ ಈ ಕತ್ತಿಗೆ ಊರು ಹೇಳುವುದು ಈ ಗೆರೆಗಳು, ವಯಸ್ಸು ಹೇಳುವುದು ಈ ತುಕ್ಕು.

ಆ ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಅಷ್ಟೊಂದು ಕಪ್ಪಾಗಿದೆಯಲ್ಲೋ, ಹುಣಸೆಹುಳಿ ಹಚ್ಚಿ ಬೂದಿ ಹಾಕಿ ತಿಕ್ಕು, ಫಳಫಳ ಆಗತ್ತೆ" ಅಂದರು. ತಾತನ ಮಚ್ಚು, ಕುಡುಗೋಲು, ಹಿತ್ತಾಳೆ ದೀಪ ಎಲ್ಲವನ್ನೂ ಆಯುಧಪೂಜೆಗೆ ಹಾಗೇ ತಿಕ್ಕಿ ಬೆಳೆದವನು ನಾನು. ನಕಾಗೊಗೆ ಹುಳಿ ತಾಗಿದರೆ ನೂರಾರು ವರ್ಷದ ಗುರುತು ಒಂದು ಮಧ್ಯಾಹ್ನದಲ್ಲಿ ತೊಳೆದುಹೋಗುತ್ತದೆ, ಕತ್ತಿಯ ಬೆಲೆಯೂ ಹೋಗುತ್ತದೆ. ಅಮ್ಮನಿಗೆ ಹೇಳಿದೆ, "ಇದು ಕೊಳೆಯಲ್ಲಮ್ಮ, ಇದರ ಜಾತಕ."

ಹೊಸ ಮೆಕುಗಿಗೆ ಹಳೆಯ ಮನೆಯ ಸೂರಿನಲ್ಲಿ ಹೊಗೆ ಕುಡಿದ ಬಿದಿರಿನ ಕಡ್ಡಿ ಕೊಂಡೆ, 800 ಯೆನ್. ಎರಡು ಕೆತ್ತಿ ಕೆಡಿಸಿದೆ, ಮೂರನೆಯದು ಕೂತಿತು.

ಏಪ್ರಿಲ್ 13. ಮೊದಲ ಅಂಟು, ಕೆಟ್ಟದ್ದು

ಶಿರಾಸಾಯಾ ಅಂಟಿಸುವುದು ಸೊಕುಯಿಯಿಂದ, ಅಂದರೆ ಅನ್ನ ಅರೆದು ಮಾಡಿದ ಅಂಟಿನಿಂದ. ಬೇಕೆಂದೇ ಅಷ್ಟು ಮೃದುವಾದ ಅಂಟು ಬಳಸುತ್ತಾರೆ. ಮುಂದೆ ಯಾವತ್ತೋ ಒರೆಯೊಳಗೆ ತುಕ್ಕು ಅಂಟಿದರೆ ಮರ ಸೀಳದೆ ಜೋಡಣೆಯಲ್ಲೇ ಬಿಡಿಸಿ ಒಳಗೆ ಹೆರೆಯಬೇಕು. ಮರಗೆಲಸದ ಬಿಳಿ ಅಂಟು ಹಾಕಿದರೆ ಅದು ಆಗುವುದಿಲ್ಲ. ಗಾಳಿಪಟಕ್ಕೆ ಅನ್ನ ಮೆತ್ತಿದವರಿಗೆ ಇದರಲ್ಲೇನಿದೆ ಕಷ್ಟ ಅನ್ನಿಸಿತು.

ಮನೆಯಲ್ಲಿದ್ದದ್ದು ಮಧ್ಯಾಹ್ನ ಮಿಕ್ಕ ಸೋನಾಮಸೂರಿ ಅನ್ನ. ಅದು ಉದುರುದುರು, ಅರೆದಷ್ಟೂ ರವೆಯಾಗುತ್ತಿತ್ತು. ಎರಡು ಚಮಚ ನೀರು ಸೇರಿಸಿದೆ. ಗಂಜಿಯಂಥದ್ದು ಸಿಕ್ಕಿತು. ಬಿದಿರಿನ ಸೀಳಿನಿಂದ ಸಂದಿಗೆ ಧಾರಾಳವಾಗಿ ತುಂಬಿ, ಹತ್ತಿಯ ದಾರದಿಂದ ಬಿಗಿದು ಒಂದು ರಾತ್ರಿ ಬಿಟ್ಟೆ. ಮರುದಿನ ಹೊರಗಿನಿಂದ ಮುಟ್ಟಿ ನೋಡಿದರೆ ಒಣಗಿದಂತೆ ಇತ್ತು. ಏಪ್ರಿಲ್ 14ರ ಸಂಜೆ ಕತ್ತಿಯನ್ನು ಒರೆಗೆ ಸೇರಿಸಿ ಮೇಲಿಟ್ಟೆ.

ಈ ನಾಲ್ಕು ಸಾಲಿನಲ್ಲಿ ಐದು ತಪ್ಪುಗಳಿವೆ. ಅಕ್ಕಿ ತಪ್ಪು. ನೀರು ತಪ್ಪು. ಅಂಟು ಜಾಸ್ತಿ. ಹಳೆಯ ಅಂಟನ್ನು ಕೆರೆಯಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಒಳಗೆ ಒಣಗಿದೆಯೋ ಇಲ್ಲವೋ ತಿಳಿಯದೆ ಕತ್ತಿ ಒಳಗೆ ಹಾಕಿದ್ದು.

ಏಪ್ರಿಲ್ 21. ತುಕ್ಕು

ವಾರದ ಮೇಲೆ ತೆಗೆದೆ. ಬುಡದಿಂದ 7 ಸೆಂ.ಮೀ. ಮೇಲೆ, ಹರಿತಕ್ಕೆ ಹತ್ತಿರ, ಇಟ್ಟಿಗೆ ಬಣ್ಣದ ಚುಕ್ಕೆ. ಅಗಲ 3 ಮಿ.ಮೀ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದರೆ ನಡುವೆ ಕಡು ಕೆಂಪು, ಸುತ್ತ ಹಳದಿ ಉಂಗುರ. ಒರೆಯೊಳಗೆ ಟಾರ್ಚು ಬಿಟ್ಟರೆ ಏನೂ ಕಾಣಲಿಲ್ಲ. ಮೂಗಿಗೆ ಮಾತ್ರ ಹಳಸಿದ ಅನ್ನದ ವಾಸನೆ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ನಾನೂರು ವರ್ಷವೋ ಮುನ್ನೂರು ವರ್ಷವೋ ಎಷ್ಟೋ ಕೈಗಳು ಜೋಪಾನ ಮಾಡಿದ್ದನ್ನು ನಾನು ಎರಡು ತಿಂಗಳಲ್ಲಿ ಕೆಡಿಸಿದ್ದೆ.

ಏಪ್ರಿಲ್ 28. ಇನ್ನೊಂದು ತಪ್ಪು

ತಾಜಾ ತುಕ್ಕು ತಾನೇ, ಉಚಿಕೊ ತಟ್ಟಿ ಒರೆಸಿದರೆ ಹೋಗಬಹುದು ಅಂದುಕೊಂಡೆ. ಮೂವತ್ತು ಸಲ ಪುಡಿ ತಟ್ಟಿ, ಅದೇ ಜಾಗದಲ್ಲಿ ಒತ್ತಿ ಒರೆಸಿದೆ. ಕೆಂಪು ಅರ್ಧ ಮಸುಕಾಯಿತು. ಆದರೆ ಬೆಳಕಿಗೆ ಹಿಡಿದರೆ ಚುಕ್ಕೆಯ ಸುತ್ತ 2 ಸೆಂ.ಮೀ. ಜಾಗದಲ್ಲಿ ಕೂದಲಿನಂಥ ಗೀರುಗಳು, ಅಲ್ಲಿ ಹಾಮೊನ್ ಮಂಕು. ಎದ್ದ ತುಕ್ಕಿನ ಹರಳು ಪುಡಿಯ ಜೊತೆ ಸೇರಿ ಮರಳಿನ ಹಾಗೆ ಉಜ್ಜಿತ್ತು.

ಮೇ 11. ಸೆಕಿಯ ಸಾಣೆಗಾರರ ಹತ್ತಿರ

ಅಂಗಡಿಯವರು ಹೇಳಿದ ವಿಳಾಸ ಹಿಡಿದು ಗಿಫು, ಮಿನೊ-ಓತಾ ದಾಟಿ, ಅಲ್ಲಿಂದ ನಗಾರಗಾವಾ ರೈಲಿನ ಒಂದೇ ಬೋಗಿಯಲ್ಲಿ ಸೆಕಿಗೆ ಹೋದೆ. ಕತ್ತಿ ಚೀಲದಲ್ಲಿ ಸುತ್ತಿ, ನೋಂದಣಿ ಚೀಟಿ ಜೊತೆಗಿಟ್ಟುಕೊಂಡೆ. ಈಗ ಅಡುಗೆಮನೆ ಚಾಕುಗಳಿಗೆ ಹೆಸರಾದ ಆ ಊರಿನಲ್ಲೇ ಬಹುಶಃ ಈ ಅಲಗು ಹುಟ್ಟಿದ್ದು.

ಸಾಣೆಗಾರರಿಗೆ ಎಪ್ಪತ್ತರ ಮೇಲೆ ವಯಸ್ಸು. ಅಲಗನ್ನು ಕಿಟಕಿಯ ಕಡೆ ಹಿಡಿದು ನೋಡಿ ಕೇಳಿದರು: "ಉಚಿಕೊ ಹಾಕಿ ತಿಕ್ಕಿದಿರಾ?"

ಹೌದು ಅಂದೆ.

ಅವರು ಒಂದು ಹಳದಿಬಿಳಿ ಕಲ್ಲು ತಂದು ನನ್ನ ಕೈಗಿಟ್ಟರು. ಉಚಿಗುಮೊರಿ. ಕ್ಯೋಟೋ ಸುತ್ತಿನ ಗಣಿಯ ಕಲ್ಲು, ಸಾಣೆಯ ಕೊನೆಯ ಹಂತಗಳಲ್ಲಿ ಬಳಸುವಂಥದ್ದು. "ಉಚಿಕೊ ಅಂದರೆ ಈ ಕಲ್ಲಿನ ಪುಡಿ. ನೀವು ಒರೆಸಿದ್ದಲ್ಲ, ಸಾಣೆ ಹಿಡಿದಿದ್ದು" ಅಂದರು. ಪುಡಿ ಹಳೆಯ ಎಣ್ಣೆ ಹೀರಲು ಮಾತ್ರ, ಅದೂ ಎಥನಾಲ್ ಇದ್ದರೆ ಬೇಕಿಲ್ಲ.

ಚುಕ್ಕೆಯನ್ನು ಮಾತ್ರ ತೆಗೆದುಕೊಡಿ ಅಂತ ಕೇಳಿದೆ. ಆಗುವುದಿಲ್ಲ ಅಂದರು. ಒಂದು ಕಡೆ ಮಾತ್ರ ತೆಗೆದರೆ ಅಲ್ಲಿ ತಗ್ಗು ಬೀಳುತ್ತದೆ, ಮೇಲ್ಮೈಯ ಗೆರೆ ಹಾಳಾಗುತ್ತದೆ. ಇಡೀ ಅಲಗನ್ನು ಸಾಣೆ ಹಿಡಿಯಬೇಕು. ಹಾಗೆ ಹಿಡಿದಾಗಲೆಲ್ಲ ಉಕ್ಕು ತೆಳುವಾಗುತ್ತದೆ. ಹೊರಗಿನ ಗಟ್ಟಿ ಉಕ್ಕು ಸವೆದು ಒಳಗಿನ ಮೆತ್ತನೆಯ ತಿರುಳು ಕಂಡರೆ ಆ ಕತ್ತಿಯ ಕಥೆ ಮುಗಿದ ಹಾಗೆ. ಈ ಅಲಗಿಗೆ ಇನ್ನೊಂದೆರಡು ಸಾಣೆ ತಾಳುವಷ್ಟು ಮೈ ಇದೆಯಂತೆ. ಲೆಕ್ಕ ಸುನ್‌ಗೆ ಇಷ್ಟು ಅಂತ. ಒಂದು ಸುನ್ 3.03 ಸೆಂ.ಮೀ. ನನ್ನ ಅಲಗು ಹತ್ತಿರ ಹತ್ತಿರ 15 ಸುನ್, ಸುನ್‌ಗೆ 9,000 ಯೆನ್, ಒಟ್ಟು 1,35,000. ಕೊಂಡ ಬೆಲೆಗಿಂತ ಹೆಚ್ಚು. ಸರದಿ ಒಂದು ವರ್ಷದ ಮೇಲೆ.

ಅಲ್ಲಿಯವರೆಗೆ? "ಎಣ್ಣೆ ಹಚ್ಚಿ. ವಾರಕ್ಕೊಮ್ಮೆ ನೋಡಿ. ತಿಕ್ಕಬೇಡಿ."

ಆಮೇಲೆ ಒರೆ ತೆಗೆದುಕೊಂಡು ತೆಳು ಚಾಕು ಜೋಡಣೆಗೆ ಸೇರಿಸಿ ಸುತ್ತಲೂ ತಟ್ಟುತ್ತಾ ಹೋದರು. ಒರೆ ಕಡಲೆಕಾಯಿಯ ಹಾಗೆ ಎರಡು ಹೋಳಾಗಿ ಬಿಚ್ಚಿಕೊಂಡಿತು. ಒಳಗೆ ನನ್ನ ಗಂಜಿಯ ಒಂದು ಗುಪ್ಪೆ, ಹೆಸರುಕಾಳಿನಷ್ಟು, ಇನ್ನೂ ಹಸಿಹಸಿ. ಕತ್ತಿಯನ್ನು ಹೋಳಿನ ಮೇಲೆ ಇಟ್ಟು ತೋರಿಸಿದರು. ತುಕ್ಕಿನ ಚುಕ್ಕೆ ಸರಿಯಾಗಿ ಆ ಗುಪ್ಪೆಯ ಮೇಲೆ ಕೂತಿತು. ಒಳಗೆಲ್ಲ ಹೆರೆದು ಚೊಕ್ಕ ಮಾಡಿ ಎರಡು ಹೋಳನ್ನೂ ಕಟ್ಟಿಕೊಟ್ಟರು, 5,000 ಯೆನ್. ಅಂಟಿಸುವುದು ನೀವೇ ಮಾಡಿ, ಈ ಸಲ ಬರುತ್ತದೆ ಅಂದರು.

ಮೇ 25. ಎರಡನೇ ಅಂಟು

ಜಪಾನಿನ ಕೊಶಿಹಿಕಾರಿ ಅಕ್ಕಿ, ಆಗಷ್ಟೇ ಮಾಡಿದ ಅನ್ನ, ಎರಡು ದೊಡ್ಡ ಚಮಚ. ನೀರು ಒಂದು ಹನಿಯೂ ಇಲ್ಲ. ನುಣುಪಾದ ಹಲಗೆಯ ಮೇಲೆ ಬಿದಿರಿನ ಚಪ್ಪಟೆ ಕಡ್ಡಿಯಿಂದ ಅಗುಳನ್ನು ಒತ್ತಿ ಎಳೆಯಬೇಕು, ಮತ್ತೆ ಗುಡ್ಡೆ ಮಾಡಿ ಎಳೆಯಬೇಕು. ಹತ್ತು ನಿಮಿಷಕ್ಕೆ ತೋಳು ಸೋತಿತು, ಇಪ್ಪತ್ತೈದಕ್ಕೆ ಒಂದೂ ಅಗುಳು ಕಾಣದ ಹಾಗೆ ಮೇಣದಂತೆ ಮಿರುಗುವ ಉಂಡೆ ಬಂತು. ಕಡ್ಡಿ ಎತ್ತಿದರೆ ಹಲಗೆಯೂ ಜೊತೆಗೆ ಏಳುತ್ತಿತ್ತು. ಅದು ಗುರುತು.

ಹೋಳಿನ ಅಂಚು, ಅಂದರೆ ಅಂಟು ಹಿಡಿಯುವ ಪಟ್ಟಿ 5 ಮಿ.ಮೀ. ಅಗಲ. ಹೊರಗಿನ 3 ಮಿ.ಮೀ.ಗೆ ಮಾತ್ರ ತೆಳುವಾಗಿ ಬಳಿದೆ. ಒಳಗಿನ 2 ಮಿ.ಮೀ. ಒಣ ಬಿಟ್ಟೆ. ಒತ್ತಿದಾಗ ಅಂಟು ಹರಡಿದರೂ ಅಲಗಿನ ಜಾಗಕ್ಕೆ ಹೋಗಬಾರದು. ಹೋಳು ಸೇರಿಸಿ 2 ಸೆಂ.ಮೀ.ಗೆ ಒಂದರಂತೆ ಹತ್ತಿಯ ದಾರ ಸುತ್ತಿದೆ, ಪ್ರತಿ ಸುತ್ತಿಗೂ ಸೀಳಿದ ಊಟದ ಕಡ್ಡಿಯ ಬೆಣೆ ಹೊಡೆದೆ. ಒಟ್ಟು 23 ಬೆಣೆ. ಹಿಡಿಯಿಂದ ಎದ್ದ ಚೂರನ್ನೂ ಅದೇ ಅಂಟಿನಿಂದ ಕೂರಿಸಿದೆ. ಎರಡು ದಿನ ಕಟ್ಟಿಟ್ಟು ಬಿಚ್ಚಿದೆ. ಜೋಡಣೆಯಲ್ಲಿ ಉಗುರು ಹೋಗಲಿಲ್ಲ.

ಒಣಗಿದ್ದು ಗೊತ್ತಾಗುವುದು ಹೇಗೆ? ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ರಾತ್ರಿ ಒರೆ ತೂಗಿದೆ. ಬಿಚ್ಚಿದ ದಿನ 131 ಗ್ರಾಂ, ವಾರಕ್ಕೆ 127, ಜೂನ್ 5ರಿಂದ 126ರಲ್ಲಿ ನಿಂತಿತು, ಐದು ದಿನ ಅಲುಗಲಿಲ್ಲ. ಅಷ್ಟಕ್ಕೂ ನಂಬಲಿಲ್ಲ. ಎರಡು ಕಬ್ಬಿಣದ ಮೊಳೆಗಳ ಜಿಡ್ಡನ್ನು ಎಥನಾಲ್‌ನಲ್ಲಿ ತೆಗೆದು, ದಾರ ಕಟ್ಟಿ ಒರೆಯೊಳಗೆ ಇಳಿಬಿಟ್ಟು ಹತ್ತು ದಿನ ಬಿಟ್ಟೆ. ಜೂನ್ 20ಕ್ಕೆ ತೆಗೆದಾಗ ಮೊಳೆಗಳು ಹಾಗೇ ಹೊಳೆಯುತ್ತಿದ್ದವು. ಅಷ್ಟು ದಿನವೂ ಅಲಗು ಎಣ್ಣೆ ಹಚ್ಚಿದ ವಾಶಿ ಕಾಗದದಲ್ಲಿ, ಪೆಟ್ಟಿಗೆಯಲ್ಲಿ ಮಲಗಿತ್ತು. ಮೂರು ದಿನಕ್ಕೊಮ್ಮೆ ಬಿಚ್ಚಿ ನೋಡುತ್ತಿದ್ದೆ.

ಜೂನ್ 22ರಂದು ಒರೆಗೆ ಸೇರಿಸಿದೆ. ಅಲಗಿನ ಬುಡದಲ್ಲಿರುವ ಹಬಾಕಿ ಎಂಬ ತಾಮ್ರದ ಪಟ್ಟಿ ಒರೆಯ ಬಾಯಲ್ಲಿ ಮೆತ್ತಗೆ ಕಚ್ಚಿಕೊಂಡು ನಿಂತಿತು. ಒರೆ ಬಗ್ಗಿಸಿದರೆ ಕತ್ತಿ ಜಾರುವುದಿಲ್ಲ, ಹೆಬ್ಬೆರಳಿನ ಒಂದು ನೂಕಿಗೆ ಬಿಡುತ್ತದೆ. ಹೊರಗೆ ಮಳೆಗಾಲ ಶುರು, ಮೀಟರು 74. ಅಂದಿನಿಂದ ತೇವ ಹೀರುವ ಯಂತ್ರ ರಾತ್ರಿಯಿಡೀ ಓಡಿತು.

ಜುಲೈ 28. ಕಾಲುರಕ್ಷೆ

ಓಸು ಕನ್ನೊನ್ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳ 18 ಮತ್ತು 28ಕ್ಕೆ ಹಳೆ ಸಾಮಾನಿನ ಸಂತೆ. ಅಲ್ಲಿ ಒಂದು ಜೊತೆ ಸುನೆಆತೆ, ಅಂದರೆ ಯೋಧರ ಮೊಣಕಾಲ ಕೆಳಗಿನ ಕವಚ, 16,500 ಯೆನ್‌ಗೆ ಸಿಕ್ಕಿತು. ಅರಗು ಬಳಿದ ಕಬ್ಬಿಣದ ಉದ್ದುದ್ದ ಪಟ್ಟಿಗಳು, ನಡುವೆ ಸಣ್ಣ ಬಳೆಗಳ ಸರಪಳಿ, ಹಿಂದೆ ಬಟ್ಟೆ. ಹುಳ ಇದೆಯೋ ನೋಡಲು ಎರಡು ವಾರ ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಇಟ್ಟೆ. ಆಮೇಲೆ ಮೇಕೆಕೂದಲ ಕುಂಚದಿಂದ ಧೂಳು ಎಬ್ಬಿಸಿ, ವ್ಯಾಕ್ಯೂಮ್ ಕೊಳವೆಯ ಬಾಯಿಗೆ ತೆಳುಬಟ್ಟೆ ಕಟ್ಟಿ ದೂರದಿಂದ ಎಳೆದುಕೊಂಡೆ.

ಅಲ್ಲಿಗೆ ನಿಲ್ಲಬೇಕಿತ್ತು. ಒಂದು ಪಟ್ಟಿಯ ಮೇಲಿನ ಕಲೆಗೆ ಹತ್ತಿಕಡ್ಡಿ ಒದ್ದೆ ಮಾಡಿ ಒರೆಸಿದೆ. ಅರಗಿನ ಬಿರುಕಿಗೆ ನೀರು ಇಳಿದು 4 ಮಿ.ಮೀ. ಚಕ್ಕೆ ಎದ್ದಿತು, ಕೆಳಗೆ ಕಬ್ಬಿಣ ಕೆಂಪು. ಚಕ್ಕೆಯನ್ನು ಕಾಗದದಲ್ಲಿ ಸುತ್ತಿ, ಯಾವ ಪಟ್ಟಿಯ ಎಲ್ಲಿಯದು ಅಂತ ಚಿತ್ರ ಬರೆದು ಇಟ್ಟಿದ್ದೇನೆ. ಅರಗಿಗೆ ತುಂಬ ಒಣಹವೆ ಆಗದು, ಕಬ್ಬಿಣಕ್ಕೆ ತೇವ ಆಗದು. ಎರಡಕ್ಕೂ ನಡುವೆ, 50ರಿಂದ 55ರಲ್ಲಿ ಹಿಡಿದಿಟ್ಟಿದ್ದೇನೆ. ಕಾಲಿಗೆ ಕಟ್ಟುವ ಹಳೆಯ ದಾರಗಳನ್ನು ಗಂಟು ಹಾಕುವುದಿಲ್ಲ, ಮುರಿಯುತ್ತವೆ.

ಆಗಸ್ಟ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆಯುವಾಗ ಕಂಡಿದ್ದು: ಕುದುರೆ ಹತ್ತಿದಾಗ ಸವೆಯದಿರಲೆಂದು ಕಾಲಿನ ಒಳಬದಿಗೆ ಹಾಕುವ ತೊಗಲಿನ ತೇಪೆ ಎರಡರಲ್ಲೂ ಒಂದೇ ಕಡೆ ಇದೆ. ಎರಡೂ ಬಲಗಾಲಿನವು, ಎರಡು ಬೇರೆ ಜೊತೆಯವು. ಸಂತೆಯಲ್ಲಿ ತಿರುಗಿಸಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕೊಳ್ಳುವವರು ಮೊದಲು ಆ ತೇಪೆ ನೋಡಿ.

ಅಕ್ಟೋಬರ್ 11. ಆಯುಧಪೂಜೆ

ಕತ್ತಿಯನ್ನು ಒರೆಯಲ್ಲೇ ಬಿಳಿ ಬಟ್ಟೆಯ ಮೇಲೆ ಇಟ್ಟೆ. ಅರಿಶಿನ ಕುಂಕುಮ ಅಲಗಿಗೂ ಇಲ್ಲ, ಒರೆಗೂ ಇಲ್ಲ. ಬಣ್ಣವಿಲ್ಲದ ಮರ ಎಲ್ಲವನ್ನೂ ಕುಡಿದುಬಿಡುತ್ತದೆ. ಹಿತ್ತಾಳೆಯ ಪುಟ್ಟ ಸುತ್ತಿಗೆಗೆ ಇಟ್ಟೆ. ಅದನ್ನು ಮಾತ್ರ ಹುಣಸೆಹುಳಿ ಹಾಕಿ ತೊಳೆದಿದ್ದೆ. ಹೂವು ಅರ್ಧ ಅಡಿ ದೂರ. ಅಮ್ಮ ಫೋನಿನಲ್ಲೇ ಕೈಮುಗಿದರು.

ನವೆಂಬರ್ 16. ಈಗ

ರೈಲು, ಮೊಳೆ, ದಾರ ಬಿಟ್ಟು ಇಲ್ಲಿಯವರೆಗೆ 1,49,830 ಯೆನ್. ಸಾಣೆಯ ಸರದಿ ಮುಂದಿನ ಮೇ ತಿಂಗಳಿಗೆ ಬಂದಿದೆ. ಅದಕ್ಕಾಗಿ ತಿಂಗಳಿಗೆ 15,000 ಎತ್ತಿಡುತ್ತಿದ್ದೇನೆ.

ಬೆಳಿಗ್ಗೆ ಹತ್ತಕ್ಕೆ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ಹೊಡೆದು ಏಪ್ರಿಲ್‌ನ ಫೋಟೋದ ಪಕ್ಕ ಇಟ್ಟೆ. ಚುಕ್ಕೆ 3 ಮಿ.ಮೀ., ಇದ್ದಲ್ಲೇ ಇದೆ, ಬಣ್ಣ ಕೆಂಪಿನಿಂದ ಕಂದಿಗೆ ತಿರುಗಿದೆ. ಎರಡು ಹನಿ ಎಣ್ಣೆ ಬಟ್ಟೆಗೆ, ಬಟ್ಟೆಯಿಂದ ಅಲಗಿಗೆ. ಜೋಡಣೆ ಗಟ್ಟಿ, ಒರೆ 126 ಗ್ರಾಂ, ತೇವ 52.